ಸಾಕೆಟ್ ಒಳಗೆ ಎಲ್ಲ ಊರೂ ಮಂಗಳೂರೇ: ಕೃತಕ ಕಾಲು, ಸೆಕೆ ಮತ್ತು ಚರ್ಮ

ಏಪ್ರಿಲ್ ಬಂತೆಂದರೆ ರಾಯಚೂರು, ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ನಾವು ಶೂ ಬಿಟ್ಟು ಚಪ್ಪಲಿ ಮೆಟ್ಟುತ್ತೇವೆ. ಸಾಕ್ಸ್ ಮೂಲೆ ಸೇರುತ್ತವೆ. ಆದರೆ ಕೃತಕ ಕಾಲು ಹಾಕುವವರು ಏನು ಮಾಡಬೇಕು? ಬೆಳಿಗ್ಗೆ ಏಳಕ್ಕೆ ಹಾಕಿದ ಕಾಲು ರಾತ್ರಿಯವರೆಗೂ ಮೈಗೆ ಅಂಟಿಕೊಂಡೇ ಇರಬೇಕು. ಅಂಟಿಕೊಂಡಿದ್ದರೆ ಮಾತ್ರ ನಡೆಯಲು ಆಗುವುದು.

ಅದು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿ, ಮಣಿಕಟ್ಟಿನ ಹತ್ತಿರ ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಬಿಸಿಲಲ್ಲಿ ಕಾಲು ಗಂಟೆ ನಡೆಯಿರಿ. ಕವರಿನ ಒಳಗೆ ಹನಿಗಳು ಕಾಣುತ್ತವೆ. ಈಗ ಆ ಕೈ ಮೇಲೆ ನಿಮ್ಮ ಮೈಭಾರ ಬಿಟ್ಟು ದಿನವಿಡೀ ಓಡಾಡಬೇಕು ಅಂದುಕೊಳ್ಳಿ. ಸಂಜೆ ಕೃತಕ ಕಾಲಿನ ಒಳಗಿನ ಮೆತ್ತೆಯನ್ನು, ಅಂದರೆ ಲೈನರನ್ನು, ಬಿಚ್ಚಿ ತಲೆಕೆಳಗು ಮಾಡಿದರೆ ನೀರು ಸುರಿಯುವುದು ಕಾಲು ಹಾಕುವವರಿಗೆ ಹೊಸ ವಿಷಯವೇನಲ್ಲ.

ವಿದೇಶಗಳಲ್ಲಿ ಕೃತಕ ಕಾಲು ಬಳಸುವವರನ್ನು ಕೇಳಿ ನಡೆಸಿದ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಅರ್ಧಕ್ಕಿಂತ ಜಾಸ್ತಿ ಜನ ಸೆಕೆ ಮತ್ತು ಬೆವರಿನ ತೊಂದರೆ ಹೇಳಿಕೊಂಡಿದ್ದರು. ತಂಪು ದೇಶಗಳ ಕಥೆಯೇ ಹೀಗಿದ್ದರೆ ನಮ್ಮ ಬಯಲುಸೀಮೆಯ ಪಾಡು ಕೇಳಬೇಕೇ?

ಕಾಲಿನೊಳಗೆ ಏನೇನಿದೆ

ಮೊದಲು ಎರಡು ಮೂರು ಪದ ತಿಳಿದುಕೊಳ್ಳೋಣ. ಕಾಲು ಕತ್ತರಿಸಿದ ಮೇಲೆ ಉಳಿಯುವ ಭಾಗವನ್ನು ಆಸ್ಪತ್ರೆಗಳಲ್ಲಿ ಸ್ಟಂಪ್ ಎನ್ನುತ್ತಾರೆ. ಆ ಸ್ಟಂಪ್ ಕೂರುವ ಗಟ್ಟಿ ಬಟ್ಟಲು ಸಾಕೆಟ್. ಇವೆರಡರ ನಡುವೆ ಮೆತ್ತೆಯಂತೆ ಇರುವುದು ಲೈನರ್, ಇಲ್ಲವೇ ದಪ್ಪನೆಯ ಕಾಲುಚೀಲ. ಸಾಕೆಟ್‌ನ ಕೆಳಗೆ ಕೊಳವೆ, ಅದರ ತುದಿಗೆ ಪಾದ. ಕಾಲು ಮಾಡಿಕೊಡುವ ತಜ್ಞರು ಪ್ರಾಸ್ಥೆಟಿಸ್ಟ್.

ನಮ್ಮಲ್ಲಿ ಕೃತಕ ಕಾಲು ಅಂದ ಕೂಡಲೇ ನೆನಪಾಗುವುದು ಜೈಪುರ್ ಫುಟ್. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಪಿ.ಕೆ. ಸೇಥಿ 1968ರ ಸುಮಾರಿಗೆ ರೂಪಿಸಿದ ರಬ್ಬರ್ ಪಾದ ಅದು. ಬರಿಗಾಲಲ್ಲಿ ನಡೆಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು, ಗದ್ದೆಗೂ ಇಳಿಯಬಹುದು. ಅದರ ಹಿರಿಮೆ ಇರುವುದು ಪಾದದಲ್ಲಿ. ಸೆಕೆಯ ಕಿರಿಕಿರಿ ಇರುವುದು ಮೇಲೆ, ಸಾಕೆಟ್‌ನಲ್ಲಿ. ಮೊದಲೆಲ್ಲ ಸಾಕೆಟ್ಟನ್ನು ಅಲ್ಯೂಮಿನಿಯಂ ತಗಡು ಬಡಿದು ಮಾಡುತ್ತಿದ್ದರು. ಆಮೇಲೆ ನೀರಿನ ಪೈಪಿಗೆ ಬಳಸುವ ಎಚ್‌ಡಿಪಿಇ ಪ್ಲಾಸ್ಟಿಕ್ ಬಂತು. ಪೈಪನ್ನು ಕಾಯಿಸಿ ಮೆತ್ತಗೆ ಮಾಡಿ, ಸ್ಟಂಪಿನ ಅಚ್ಚಿನ ಮೇಲೆ ಎಳೆದು ಕೂರಿಸುತ್ತಾರೆ. ಹಗುರ, ಅಗ್ಗ, ಬೇಗ ಆಗುತ್ತದೆ. ಆದರೆ ಗಾಳಿ ಆಡುವುದಿಲ್ಲ.

ಇನ್ನು ಸಿಲಿಕೋನ್ ಲೈನರ್‌ದು ಬೇರೆಯೇ ಕಥೆ. ಸ್ಟಂಪಿಗೆ ಸುರುಳಿ ಬಿಚ್ಚಿದಂತೆ ಏರಿಸುವ ಈ ಲೈನರನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಓಸುರ್ ಕ್ರಿಸ್ಟಿನ್ಸನ್. ಅವರೂ ಕೃತಕ ಕಾಲು ಬಳಸುತ್ತಿದ್ದವರೇ. ಊರು ಐಸ್‌ಲ್ಯಾಂಡ್! ಹಿಮದ ನಾಡಿನಲ್ಲಿ ಹುಟ್ಟಿದ ಸಾಮಾನನ್ನು ನಮ್ಮವರು ಮೇ ತಿಂಗಳ ರಾಯಚೂರಿನಲ್ಲಿ ಹಾಕಿಕೊಂಡು ಓಡಾಡುತ್ತಾರೆ. ಮೂಳೆಗೆ ಮೆತ್ತೆಯಾಗಿ, ಚರ್ಮವನ್ನು ಹಿಡಿದಿಡುವುದರಲ್ಲಿ ಅದು ಎತ್ತಿದ ಕೈ. ಸೆಕೆಯ ಮಟ್ಟಿಗೆ ಮಾತ್ರ ರೇನ್‌ಕೋಟ್ ಇದ್ದಂತೆ.

ಮಡಿಕೆ ಮತ್ತು ಪ್ಲಾಸ್ಟಿಕ್ ಕೊಡ

ಬೇಸಿಗೆಯಲ್ಲಿ ಮಣ್ಣಿನ ಮಡಿಕೆಯ ನೀರು ತಣ್ಣಗಿರುತ್ತದೆ, ಪಕ್ಕದಲ್ಲೇ ಇಟ್ಟ ಪ್ಲಾಸ್ಟಿಕ್ ಕೊಡದ ನೀರು ಬೆಚ್ಚಗಿರುತ್ತದೆ. ಮಡಿಕೆಗೆ ಕಣ್ಣಿಗೆ ಕಾಣದ ತೂತುಗಳಿವೆ. ಅವುಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆರುತ್ತದೆ. ಆರುವಾಗ ಮಡಿಕೆಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಮೈ ಕೆಲಸ ಮಾಡುವುದೂ ಹೀಗೇ. ಬೆವರು ಬಂದರಷ್ಟೇ ತಂಪಾಗುವುದಿಲ್ಲ, ಬೆವರು ಆರಬೇಕು.

ಸಾಕೆಟ್ ಒಳಗಿನ ಚರ್ಮವೂ ಮಡಿಕೆಯಂತೆ ಜಿನುಗುತ್ತದೆ. ಆದರೆ ಅದರ ಮೇಲೆ ಪ್ಲಾಸ್ಟಿಕ್ ಕೊಡ ಕವುಚಿದೆ. ಬೆವರಿಗೆ ಆರಲು ಜಾಗವೇ ಇಲ್ಲ. ಅದು ತಂಪು ಮಾಡುವುದಿಲ್ಲ, ಒದ್ದೆ ಮಾತ್ರ ಮಾಡುತ್ತದೆ. ಇನ್ನೂ ಬಿಸಿ ಇಳಿದಿಲ್ಲವಲ್ಲ ಎಂದು ಮೈ ಮತ್ತಷ್ಟು ಬೆವರು ಕಳಿಸುತ್ತದೆ. ಅದೂ ಅಲ್ಲೇ ನಿಲ್ಲುತ್ತದೆ.

ರಾಯಚೂರಿನದು ಒಣ ಬಿಸಿಲು, ಮಂಗಳೂರಿನದು ಒದ್ದೆ ಸೆಕೆ ಎನ್ನುತ್ತೇವೆ ಅಲ್ವಾ. ಒಣ ಹವೆಯಲ್ಲಿ ಬೆವರು ಬೇಗ ಆರುತ್ತದೆ, ಕರಾವಳಿಯಲ್ಲಿ ಆರುವುದಿಲ್ಲ. ಸಾಕೆಟ್ ಒಳಗೆ ಈ ವ್ಯತ್ಯಾಸವೇ ಇಲ್ಲ. ಅಲ್ಲಿ ಎಲ್ಲ ಊರೂ ಮಂಗಳೂರೇ, ಅದೂ ಮಳೆಗಾಲಕ್ಕೆ ಮುಂಚಿನ ಮಂಗಳೂರು.

ಸರಿ, ಬೆವರು ಆರದಿದ್ದರೂ ಬಿಸಿ ಸಾಕೆಟ್ಟಿನ ಗೋಡೆ ದಾಟಿ ಹೊರಗೆ ಹೋಗಬಾರದೇ? ಅದಕ್ಕೆ ಎರಡು ಅಡ್ಡಿಗಳಿವೆ. ಒಂದು, ಪ್ಲಾಸ್ಟಿಕ್, ಸಿಲಿಕೋನ್ ಎರಡೂ ಬಿಸಿ ದಾಟಿಸುವುದರಲ್ಲಿ ತೀರಾ ಮಂದ. ಕುಕ್ಕರಿನ ಹಿಡಿಯನ್ನು ಲೋಹದಲ್ಲಿ ಮಾಡದಿರುವುದು ಇದಕ್ಕೇ. ಎರಡು, ಬಿಸಿ ಯಾವಾಗಲೂ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಸ್ಟಂಪಿನ ಚರ್ಮ 34 ಡಿಗ್ರಿ ಇದ್ದು ಹೊರಗಿನ ಗಾಳಿ 42 ಇದ್ದರೆ ಬಿಸಿ ಹೊರಗೆ ಹೋಗುವುದಿರಲಿ, ಒಳಗೇ ಬರುತ್ತದೆ. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಮೈಗೆ ಉಳಿಯುವ ಒಂದೇ ದಾರಿ ಬೆವರು ಆರಿಸುವುದು. ಸಾಕೆಟ್ ಮುಚ್ಚಿರುವುದು ಆ ದಾರಿಯನ್ನೇ.

ಕೂತರೆ ಸಾಲದು, ಬಿಚ್ಚಬೇಕು

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಸಿಯಾಟಲ್‌ನ ಸಂಶೋಧಕರು ಮಂಡಿಯ ಕೆಳಗೆ ಕಾಲಿಲ್ಲದ ಕೆಲವರ ಸ್ಟಂಪಿಗೆ ಸಣ್ಣ ಸಣ್ಣ ತಾಪಮಾಪಕ ಅಂಟಿಸಿ, ಮೇಲೆ ಸಾಕೆಟ್ ಹಾಕಿಸಿದರು. ಸುಮ್ನೆ ಕೂತಿದ್ದಾಗ ಚರ್ಮ ಸುಮಾರು 31 ಡಿಗ್ರಿ ಇತ್ತು. ಅರ್ಧ ಗಂಟೆ ನಡೆದ ಮೇಲೆ 34ಕ್ಕೆ ಏರಿತು. ಆಮೇಲೆ ಕಾಲು ಬಿಚ್ಚದೆ ಒಂದು ಗಂಟೆ ಪೂರ್ತಿ ಕೂರಿಸಿದರು. ಆಗಲೂ 33ರ ಮೇಲೆಯೇ ಇತ್ತು, ಒಂದು ಡಿಗ್ರಿಯೂ ಪೂರ್ತಿ ಇಳಿಯಲಿಲ್ಲ.

ಮೂರು ಡಿಗ್ರಿ ಅಂದರೆ ಏನು ಮಹಾ ಅನಿಸಬಹುದು. ಆದರೆ ಚರ್ಮದ ಬಿಸಿ ಒಂದೆರಡು ಡಿಗ್ರಿ ಏರಿದರೂ ಅಲ್ಲಿ ಹಿತ ಹೋಗಿ ಕಿರಿಕಿರಿ ಶುರುವಾಗುತ್ತದೆ.

ಈ ಪ್ರಯೋಗದಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಆ ಕೊನೆಯ ಒಂದು ಗಂಟೆ. ಹಾಟ್‌ಬಾಕ್ಸ್‌ನಲ್ಲಿ ಚಪಾತಿ ಇಟ್ಟು ಮುಚ್ಚಿದ ಮೇಲೆ ಒಲೆ ಆರಿಸಿದರೂ ಚಪಾತಿ ಬಿಸಿಯಾಗಿಯೇ ಇರುತ್ತದೆ, ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದೆ. ನಡೆಯುವುದನ್ನು ನಿಲ್ಲಿಸುವುದು ಒಲೆ ಆರಿಸಿದಂತೆ. ಮುಚ್ಚಳ ತೆಗೆಯುವುದೇ ಬೇರೆ. "ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಸರಿಹೋಗತ್ತೆ" ಎಂದು ಹೇಳುವವರಿಗೆ ಇದು ಗೊತ್ತಿರುವುದಿಲ್ಲ.

ಹಾಗಾಗಿ ದಿನಕ್ಕೆ ಒಂದೆರಡು ಸಲ ಕಾಲು ಬಿಚ್ಚಿ, ಒಣ ಬಟ್ಟೆಯಿಂದ ಸ್ಟಂಪ್ ಮತ್ತು ಲೈನರ್ ಒರೆಸಿ, ಐದು ಹತ್ತು ನಿಮಿಷ ಗಾಳಿಗೆ ಬಿಟ್ಟು ಮತ್ತೆ ಹಾಕುವುದು ದುಡ್ಡಿಲ್ಲದ ಮದ್ದು. ಒಂದು ಎಚ್ಚರಿಕೆ ಮಾತ್ರ ಬೇಕು. ಸಾಕೆಟ್ಟಿನ ಬಿಗಿ ಹೋದ ಮೇಲೆ ಸ್ಟಂಪ್ ನಿಧಾನಕ್ಕೆ ಊದುತ್ತದೆ. ಬೇಸಿಗೆಯಲ್ಲಿ ಉಂಗುರ ಬಿಗಿಯಾಗುವುದನ್ನು ನೋಡಿದ್ದೀರಲ್ಲ, ಹಾಗೆ. ತುಂಬಾ ಹೊತ್ತು ಕೆಳಗೆ ಇಳಿಬಿಟ್ಟು ಕೂತರೆ ಅದೇ ಸಾಕೆಟ್ ಮತ್ತೆ ಹಿಡಿಸುವುದಿಲ್ಲ. ಬಿಚ್ಚಿದಾಗ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಳ್ಳುವುದು ಒಳ್ಳೆಯದು.

ಕಷ್ಟ ಇರುವುದು ಬಿಚ್ಚುವುದಕ್ಕೆ ಜಾಗ ಎಲ್ಲಿ ಎಂಬಲ್ಲಿ. ಬಸ್ ಸ್ಟ್ಯಾಂಡಿನಲ್ಲಿ, ಆಫೀಸಿನಲ್ಲಿ, ಮದುವೆ ಛತ್ರದಲ್ಲಿ ಹತ್ತು ಕಣ್ಣುಗಳ ಮುಂದೆ ಕಾಲು ಬಿಚ್ಚಲು ಸಂಕೋಚ. ಹೆಂಗಸರಿಗಂತೂ ಇನ್ನೂ ಜಾಸ್ತಿ. ಎಷ್ಟೋ ಮಂದಿ ಸಂಜೆವರೆಗೆ ಸಹಿಸಿಕೊಂಡು ಬಿಡುತ್ತಾರೆ.

ಮೈಯೆಲ್ಲ ಯಾಕೆ ಜಾಸ್ತಿ ಬೆವರುತ್ತದೆ

ಕಾಲು ಹಾಕುವವರು ಹೇಳುವ ಇನ್ನೊಂದು ಮಾತು: "ಸ್ಟಂಪ್ ಮಾತ್ರ ಅಲ್ಲ, ಬೆನ್ನು, ತಲೆ ಎಲ್ಲಾ ಬೆವರ್ತದೆ." ಇದು ಭ್ರಮೆಯಲ್ಲ. ಸುಟ್ಟಗಾಯದ ಲೆಕ್ಕ ಹಾಕುವಾಗ ವೈದ್ಯರು ಒಂದು ಇಡೀ ಕಾಲನ್ನು ಮೈ ಚರ್ಮದ ಶೇಕಡಾ 18 ಎಂದು ಹಿಡಿಯುತ್ತಾರೆ. ಅದರಲ್ಲಿ ಒಂದು ಪಾಲು ಹೋಗಿದೆ, ಉಳಿದ ಪಾಲಿನ ಮೇಲೆ ಸಾಕೆಟ್ ಕೂತಿದೆ. ಬಿಸಿ ಹೊರಹಾಕುವ ಜಾಗ ಅಷ್ಟು ಕಡಿಮೆಯಾಯಿತು.

ಅತ್ತ ಬಿಸಿ ಹುಟ್ಟುವುದು ಹೆಚ್ಚಾಗುತ್ತದೆ. ಮಂಡಿಯ ಕೆಳಗೆ ಕಾಲು ಹೋದವರಿಗೆ ಅದೇ ದೂರ ನಡೆಯಲು ಸುಮಾರು ಶೇಕಡಾ 20ರಿಂದ 25ರಷ್ಟು ಹೆಚ್ಚು ಶಕ್ತಿ ಬೇಕು. ಮಂಡಿಯ ಮೇಲೆ ಹೋಗಿದ್ದರೆ ಅರ್ಧಕ್ಕಿಂತಲೂ ಜಾಸ್ತಿ ಬೇಕಾಗಬಹುದು. ಶಕ್ತಿ ಹೆಚ್ಚು ಖರ್ಚಾದಷ್ಟೂ ಮೈ ಕಾಯುತ್ತದೆ. ಒಲೆ ದೊಡ್ಡದು, ಕಿಟಕಿ ಚಿಕ್ಕದು. ನೀರು, ಮಜ್ಜಿಗೆ ಅವರಿಗೆ ಬೇರೆಯವರಿಗಿಂತ ಹೆಚ್ಚು ಬೇಕು.

ಒದ್ದೆ ಚರ್ಮದ ಪಾಡು

ಅಂಗಾಲಿನ ಚರ್ಮ ಭಾರ ಹೊರಲೆಂದೇ ಇರುವುದು. ದಪ್ಪ, ಗಟ್ಟಿ, ಕೂದಲಿಲ್ಲ. ಮಂಡಿಯ ಕೆಳಗಿನ, ತೊಡೆಯ ಚರ್ಮಕ್ಕೆ ಆ ಅಭ್ಯಾಸವೇ ಇಲ್ಲ. ತೆಳು, ಮೆತ್ತಗೆ, ಕೂದಲು ಬೇರೆ. ಅಂಗಾಲು ಮಾಡಬೇಕಾದ ಕೆಲಸಕ್ಕೆ ಅದನ್ನು ಹಚ್ಚಿದ್ದೇವೆ, ಅದೂ ನೀರಲ್ಲಿ ನೆನೆಸಿಟ್ಟು.

ಬಟ್ಟೆ ಒಗೆದ ಮೇಲೆ ಬೆರಳ ತುದಿ ಬಿಳಿಚಿಕೊಂಡು ಸುಕ್ಕಾಗುತ್ತದೆ. ಆಗ ಚರ್ಮ ಸುಲಭವಾಗಿ ಕೀಳುತ್ತದೆ. ಬೆವರಲ್ಲಿ ನೆನೆದ ಸ್ಟಂಪಿನ ಚರ್ಮವೂ ಹಾಗೇ ಆಗುತ್ತದೆ. ತೇವದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಹಿಡಿದು ಉಜ್ಜುತ್ತದೆ. ಬೆವರು ಇನ್ನೂ ಜಾಸ್ತಿಯಾಗಿ ನೀರೇ ನಿಂತರೆ ಕಥೆ ತಿರುಗುಮುರುಗು, ಲೈನರ್ ಜಾರುತ್ತದೆ. ಪ್ರತಿ ಹೆಜ್ಜೆಗೂ ಸ್ಟಂಪ್ ಸಾಕೆಟ್ ಒಳಗೆ ಮೇಲೆ ಕೆಳಗೆ ಆಡುತ್ತದೆ, ಒರಳಲ್ಲಿ ಒನಕೆ ಆಡಿದಂತೆ. ಹಾಕಿಕೊಂಡ ಕಾಲು ಇದ್ದಕ್ಕಿದ್ದಂತೆ ಭಾರ ಅನಿಸುವುದು, ನಡೆಯುವಾಗ ಪಚಪಚ ಸದ್ದು ಬರುವುದು ಇದೇ ಹೊತ್ತಿನಲ್ಲಿ. ಬೀಳುವ ಭಯವೂ ಆಗಲೇ.

ಇಲ್ಲಿಂದ ಮುಂದೆ ಬೊಬ್ಬೆ, ಬೆವರುಸಾಲೆ, ಚರ್ಮ ಮಡಿಚಿದಲ್ಲಿ ತುರಿಕೆ, ಹುಳುಕಡ್ಡಿ, ಕೂದಲ ಬುಡದಲ್ಲಿ ಕೀವುಗುಳ್ಳೆ. ಗುಳ್ಳೆ ಒಡೆದರೆ ಹುಣ್ಣು. ನಮಗೆ ಅಂಗೈಯಲ್ಲಿ ಬೊಬ್ಬೆ ಎದ್ದರೆ ಎರಡು ದಿನ ಇನ್ನೊಂದು ಕೈಯಲ್ಲಿ ಕೆಲಸ ಮಾಡುತ್ತೇವೆ. ಸ್ಟಂಪಿನಲ್ಲಿ ಬೊಬ್ಬೆ ಎದ್ದರೆ ಕಾಲೇ ಹಾಕುವಂತಿಲ್ಲ. ಕೂಲಿ, ಅಂಗಡಿ, ಶಾಲೆ ಎಲ್ಲಕ್ಕೂ ರಜೆ.

ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅವರಲ್ಲಿ ಎಷ್ಟೋ ಮಂದಿಗೆ ಚರ್ಮದ ಅರಿವು ಕಡಿಮೆಯಾಗಿರುತ್ತದೆ. ಬೊಬ್ಬೆ ಎದ್ದು ಒಡೆದರೂ ನೋವು ಗೊತ್ತಾಗುವುದಿಲ್ಲ. ಅವರಿಗೆ ನೋವಿನ ಬದಲು ಕಣ್ಣೇ ಕಾವಲು. ದಿನಾ ರಾತ್ರಿ ಕನ್ನಡಿ ಹಿಡಿದು ಸ್ಟಂಪಿನ ಕೆಳಭಾಗ, ಹಿಂಭಾಗ ನೋಡಬೇಕು, ಇಲ್ಲವೇ ಮನೆಯವರಿಂದ ನೋಡಿಸಬೇಕು.

ಬೇಸಿಗೆಯಲ್ಲಿ ಉಣ್ಣೆಯಾ?

ಲೈನರ್ ಇಲ್ಲದೆ ಕಾಲುಚೀಲ ಹಾಕಿ ಸಾಕೆಟ್ ತೊಡುವವರು ನಮ್ಮಲ್ಲಿ ಬಹಳ. ಸೆಕೆಗೆ ಹತ್ತಿಯೇ ಒಳ್ಳೆಯದು ಎಂದು ನಾವು ಅಂದುಕೊಳ್ಳುತ್ತೇವೆ. ಬಟ್ಟೆಯ ವಿಷಯದಲ್ಲಿ ಅದು ಸರಿ, ಏಕೆಂದರೆ ಬಟ್ಟೆಗೆ ಗಾಳಿ ತಾಗುತ್ತದೆ. ಸಾಕೆಟ್ ಒಳಗೆ ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಕೂರುತ್ತದೆ, ಮುದ್ದೆಯಾಗುತ್ತದೆ, ಸುಕ್ಕು ಬಿದ್ದಲ್ಲಿ ಒತ್ತುತ್ತದೆ. ಉಣ್ಣೆ ಮಾತ್ರ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ಮೆತ್ತೆಯ ಗುಣವನ್ನೂ ಬಿಡುವುದಿಲ್ಲ. ಬಹಳ ಕಾಲದಿಂದ ಸ್ಟಂಪಿನ ಚೀಲಗಳಿಗೆ ಉಣ್ಣೆ ಬಳಸುತ್ತಾ ಬಂದಿರುವುದು ಇದಕ್ಕೇ. ನಮ್ಮ ಕುರಿಗಾಹಿಗಳು ಮಳೆಗೂ ಬಿಸಿಲಿಗೂ ಅದೇ ಕಂಬಳಿ ಹೊದೆಯುವುದನ್ನು ನೆನೆಸಿಕೊಂಡರೆ ಅಷ್ಟು ವಿಚಿತ್ರ ಅನಿಸುವುದಿಲ್ಲ.

ಉಣ್ಣೆಯೋ ಹತ್ತಿಯೋ, ಒದ್ದೆಯಾದ ಚೀಲ ಬದಲಿಸಬೇಕು ಎಂಬುದು ಅದಕ್ಕಿಂತ ಮುಖ್ಯ. ಬ್ಯಾಗಿನಲ್ಲಿ ಎರಡು ಮೂರು ಕಾಲುಚೀಲ ಇಟ್ಟುಕೊಂಡು ಹೊರಡುವುದು ಅನುಭವಸ್ಥರ ರೂಢಿ. ಸಿಲಿಕೋನ್ ಲೈನರ್ ಹಾಕುವವರು ಕೆಲವೊಮ್ಮೆ ಅದರ ಕೆಳಗೆ ತೆಳು ನೈಲಾನ್ ಪದರ ಹಾಕುತ್ತಾರೆ. ಅದು ಬೆವರನ್ನು ಮೇಲಿನ ಅಂಚಿನ ಕಡೆ ಎಳೆದು ತರುತ್ತದೆ. ಆದರೆ ಕೆಲವು ಬಗೆಯ ಸಾಕೆಟ್ಟುಗಳು ಚರ್ಮಕ್ಕೆ ಲೈನರ್ ಅಂಟಿದ್ದರೆ ಮಾತ್ರ ನಿಲ್ಲುತ್ತವೆ. ಅಂಥವಕ್ಕೆ ಕೇಳದೆ ಹಾಕಬಾರದು.

ತೊಳೆಯುವುದು ರಾತ್ರಿ

ಬೆಳಿಗ್ಗೆ ಸ್ನಾನ ಮಾಡಿ, ಫ್ರೆಶ್ ಆಗಿ ಕಾಲು ಹಾಕಿ ಹೊರಡುವುದು ನಮ್ಮ ಅಭ್ಯಾಸ. ಸ್ಟಂಪಿಗೆ ಇದು ಒಗ್ಗುವುದಿಲ್ಲ. ನೀರು ಕುಡಿದ ಚರ್ಮ ಸ್ವಲ್ಪ ಊದಿರುತ್ತದೆ, ಮೆತ್ತಗಿರುತ್ತದೆ, ಸಾಕೆಟ್ಟಿಗೆ ಅಂಟುತ್ತದೆ. ಆದ್ದರಿಂದ ಸ್ಟಂಪನ್ನು ಸಾದಾ ಸೋಪಿನಿಂದ ತೊಳೆಯುವುದು ರಾತ್ರಿ. ಸೋಪು ಉಳಿಯದಂತೆ ಚೆನ್ನಾಗಿ ನೀರು ಹಾಕಿ, ಒತ್ತಿ ಒರೆಸಬೇಕು, ಉಜ್ಜಿ ಅಲ್ಲ. ಬೆಳಿಗ್ಗೆ ಸ್ನಾನ ಬಿಡಲು ಆಗದವರು ಕಾಲು ಹಾಕುವ ಮೊದಲು ಸ್ಟಂಪ್ ಪೂರ್ತಿ ಆರಲು ಬಿಡಬೇಕು. ಲೈನರನ್ನೂ ರಾತ್ರಿಯೇ ತೊಳೆದು ನೆರಳಲ್ಲಿ ಆರಿಸಬೇಕು. ಬಿಸಿಲಿಗೆ ಹಾಕಿದರೆ ಹಾಳಾಗುತ್ತದೆ. ಹತ್ತಾರು ಸಾವಿರ ಬೆಲೆಯ ಸಾಮಾನು, ಎರಡಿದ್ದರೆ ದಿನ ಬಿಟ್ಟು ದಿನ ಬದಲಿಸಬಹುದು. ಎಲ್ಲರಿಗೂ ಎರಡು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯೂ ಇದೆ.

ನಮ್ಮ ಮನೆಮದ್ದುಗಳ ಬಗ್ಗೆ ಎರಡು ಮಾತು. ಕೊಬ್ಬರಿ ಎಣ್ಣೆ ರಾತ್ರಿ ಹಚ್ಚಿದರೆ ಅಡ್ಡಿಯಿಲ್ಲ. ಬೆಳಿಗ್ಗೆ ಹಚ್ಚಿದರೆ ಲೈನರ್ ಜಾರುತ್ತದೆ, ಬೇಗ ಕೆಡುತ್ತದೆ. ಪೌಡರ್ ಸುರಿದುಕೊಂಡರೆ ಬೆವರಲ್ಲಿ ಕಲಸಿ ಉಂಡೆಯಾಗಿ ಉಜ್ಜುತ್ತದೆ. ಡೆಟಾಲ್, ಸ್ಪಿರಿಟ್ ಹಾಕಿ ತಿಕ್ಕಿದರೆ ಚರ್ಮ ಒಣಗಿ ಸೀಳುತ್ತದೆ. ಸ್ಟಂಪಿನ ಕೂದಲು ಬೋಳಿಸುವುದಂತೂ ಬೇಡವೇ ಬೇಡ. ಮೊಂಡು ತುದಿಯ ಕೂದಲು ಒತ್ತಡಕ್ಕೆ ಸಿಕ್ಕಿ ಒಳಗೇ ತಿರುಗಿ ಗುಳ್ಳೆ ಏಳುತ್ತದೆ.

ಬಿಚ್ಚಿಟ್ಟ ಕಾಲನ್ನೂ ಬಿಸಿಲಲ್ಲಿ ಬಿಡಬಾರದು. ನಿಲ್ಲಿಸಿದ ಕಾರಿನ ಹಿಂದಿನ ಸೀಟು, ಜಗಲಿಯ ಬಿಸಿಲು ಬೀಳುವ ಮೂಲೆ, ಎರಡೂ ಒಂದೇ. ಚರ್ಮದ ಅರಿವು ಕಡಿಮೆ ಇರುವವರು ಕಾದ ಸಾಕೆಟ್ಟನ್ನು ಗೊತ್ತಾಗದೆ ಹಾಕಿಕೊಂಡುಬಿಡಬಹುದು.

ಬೆವರನ್ನೇ ತಡೆಯಬಹುದೇ?

ಸ್ವಲ್ಪ ಮಟ್ಟಿಗೆ. ಅಂಗಡಿಯಲ್ಲಿ ಸಿಗುವ ಡಿಯೋಡರೆಂಟ್ ವಾಸನೆ ಮುಚ್ಚುತ್ತದೆ ಅಷ್ಟೇ. ಬೆವರು ತಡೆಯುವ ಔಷಧಿಗಳಲ್ಲಿ ಇರುವುದು ಅಲ್ಯೂಮಿನಿಯಂ ಕ್ಲೋರೈಡ್‌ನಂಥ ಲವಣ. ಅದು ಬೆವರುನಾಳದ ಬಾಯಿಗೆ ತಾತ್ಕಾಲಿಕ ಬಿರಡೆ ಹಾಕುತ್ತದೆ. ಹಚ್ಚುವುದು ರಾತ್ರಿ, ಪೂರ್ತಿ ಒಣಗಿದ ಚರ್ಮದ ಮೇಲೆ. ಗಾಯ, ಗುಳ್ಳೆ ಇದ್ದರೆ ಹಚ್ಚಬಾರದು, ಉರಿಯುತ್ತದೆ. ಇದಕ್ಕೂ ಬಗ್ಗದಿದ್ದರೆ ಚರ್ಮರೋಗ ತಜ್ಞರು ಬೊಟಾಕ್ಸ್ ಚುಚ್ಚುಮದ್ದನ್ನು ಸ್ಟಂಪಿನ ಹಲವು ಕಡೆ ಕೊಡುತ್ತಾರೆ. ಬೆವರು ಗ್ರಂಥಿಗೆ ನರದಿಂದ ಬರುವ ಸಂದೇಶ ಕೆಲವು ತಿಂಗಳು ನಿಲ್ಲುತ್ತದೆ. ದುಬಾರಿ, ಮತ್ತೆ ಮತ್ತೆ ಮಾಡಿಸಬೇಕು.

ಲೈನರ್ ತಯಾರಕರೂ ಸುಮ್ಮನೆ ಕೂತಿಲ್ಲ. ಸಣ್ಣ ತೂತುಗಳಿರುವ ಲೈನರುಗಳು ಬಂದಿವೆ, ಬೆವರು ಅವುಗಳಿಂದ ಹೊರಗೆ ಜಿನುಗುತ್ತದೆ. ಇನ್ನೊಂದು ಬಗೆಯವುಗಳಲ್ಲಿ ಮೇಣದಂಥ ವಸ್ತು ಸೇರಿಸಿರುತ್ತಾರೆ. ತುಪ್ಪ ಕರಗುವಾಗ ಬಿಸಿ ಹೀರುತ್ತದಲ್ಲ, ಹಾಗೇ ಅದು ಚರ್ಮದ ಬಿಸಿ ಹೀರಿ ಕರಗುತ್ತದೆ. ಎಲ್ಲ ಕರಗಿದ ಮೇಲೆ ಅದರ ಕೆಲಸ ಮುಗಿಯಿತು, ಮತ್ತೆ ತಣಿದು ಗಟ್ಟಿಯಾಗಬೇಕು.

ಸಾಕೆಟ್ಟೇ ಬೇಡ ಎನ್ನುವ ದಾರಿಯೂ ಇದೆ. ಸ್ವೀಡನ್‌ನಲ್ಲಿ 1990ರಲ್ಲಿ ಮೊದಲ ಬಾರಿಗೆ ತೊಡೆಮೂಳೆಯೊಳಗೆ ಟೈಟಾನಿಯಂ ಕಂಬಿ ಕೂರಿಸಿ, ಅದರ ತುದಿಯನ್ನು ಚರ್ಮದಿಂದ ಹೊರಗೆ ತಂದು ನೇರವಾಗಿ ಕಾಲು ಜೋಡಿಸಿದರು. ಚರ್ಮ ಮುಚ್ಚುವುದೇ ಇಲ್ಲವಾದ್ದರಿಂದ ಬೆವರಿನ ಗೋಜಿಲ್ಲ. ಆದರೆ ಕಂಬಿ ಹೊರಬರುವ ಜಾಗ ಯಾವತ್ತೂ ತೆರೆದೇ ಇರುತ್ತದೆ, ಸೋಂಕಿನ ಭಯ ಹೋಗುವುದಿಲ್ಲ. ಖರ್ಚೂ ಬಹಳ.

ಯಾವಾಗ ತೋರಿಸಬೇಕು, ಯಾವ ಹೊತ್ತಿಗೆ

ಕಾಲು ಬಿಚ್ಚಿದಾಗ ಕೆಂಪು ಗುರುತು ಇರುವುದು ಸಾಮಾನ್ಯ. ಹತ್ತು ಹದಿನೈದು ನಿಮಿಷದಲ್ಲಿ ಮಾಸಿದರೆ ಚಿಂತೆಯಿಲ್ಲ. ಅರ್ಧ ಗಂಟೆಯಾದರೂ ಉಳಿದರೆ ಅಲ್ಲಿ ಒತ್ತಡ ಜಾಸ್ತಿ ಎಂದು ಅರ್ಥ. ಅದು ಪ್ರಾಸ್ಥೆಟಿಸ್ಟ್ ಸರಿಮಾಡಬೇಕಾದ ಕೆಲಸ. ಗಾಯ, ಕೀವು, ಊತ, ಜ್ವರ ಇದ್ದರೆ ಕಾಲು ಬಿಚ್ಚಿಟ್ಟು ನೇರ ವೈದ್ಯರ ಹತ್ತಿರ ಹೋಗಬೇಕು. ಸ್ಟಂಪಿನ ತುದಿ ಸಾಕೆಟ್ಟಿಗೆ ತಾಗದೆ ಖಾಲಿ ಉಳಿದು, ಅಲ್ಲಿ ಚರ್ಮ ದಪ್ಪಗಾಗಿ ನರುಳ್ಳೆಯಂತೆ ಒರಟಾಗಿದ್ದರೆ ಅದು ಮುಲಾಮಿನಿಂದ ಹೋಗುವುದಿಲ್ಲ. ಸಾಕೆಟ್ಟೇ ಬದಲಾಗಬೇಕು.

ಹೋಗುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ, ಫ್ಯಾನ್ ಕೆಳಗೆ ಕೂತ ಸ್ಟಂಪ್ ಒಣಗಿರುತ್ತದೆ, ಸಾಕೆಟ್ ಸರಿಯಾಗಿಯೇ ಕೂರುತ್ತದೆ, "ಚೆನ್ನಾಗಿದೆಯಲ್ಲ" ಎಂದು ಕಳಿಸಿಬಿಡುತ್ತಾರೆ. ತೊಂದರೆ ಇರುವುದು ಮಧ್ಯಾಹ್ನ ಮೂರಕ್ಕೆ. ಆಗಲೇ ಸಮಯ ಕೇಳಿ. ಹೋದ ಮೇಲೆ ಹತ್ತು ನಿಮಿಷ ಅಲ್ಲೇ ಹೊರಗೆ ನಡೆದಾಡಿ, ಬೆವರು ಒರೆಸದೆ, ಅವರೆದುರೇ ಕಾಲು ಬಿಚ್ಚಿ ತೋರಿಸಿ.